ಕೆಸರು ಹೊತ್ತು ತಂದ ರಾತ್ರಿ

ರಾತ್ರಿ ಎರಡೂಮುಕ್ಕಾಲು. ನೀರು ಕುಡಿಯಲು ಎದ್ದವನು ನಡುಮನೆಯಲ್ಲಿ ನಿಂತಲ್ಲೇ ನಿಂತೆ. ಏಳೂ ಮೀನುಗಳು ಮೇಲಕ್ಕೆ ಬಂದಿದ್ದವು. ಬಾಯಿ ನೀರಿನಂಚಿಗೆ ತಾಗಿಸಿ, ಮೈ ಓರೆ ಮಾಡಿ ಏದುಸಿರು ಬಿಡುತ್ತಿದ್ದವು. ಕಿವಿರು ಕೆಂಡದಂತೆ ಕೆಂಪು. ನಾಲ್ಕಡಿ ಉದ್ದದ, ಸುಮಾರು 250 ಲೀಟರಿನ ಟ್ಯಾಂಕ್ ಅದು. ಎಂಟು ವರ್ಷಗಳಲ್ಲಿ ಒಮ್ಮೆಯೂ ಇಂಥದ್ದನ್ನು ಕಂಡಿರಲಿಲ್ಲ. ನೀರು ನೋಡಿದರೆ ಗಾಜಿನಷ್ಟು ತಿಳಿ.

ಪರೀಕ್ಷೆಯ ನಳಿಗೆಗೆ ನೀರು ತುಂಬಿ ಹನಿ ಬಿಟ್ಟೆ. ಹಳದಿ ಬಂದರೆ ಕ್ಷೇಮ. ಹಳದಿ ನಿಲ್ಲಲಿಲ್ಲ, ಕಣ್ಣೆದುರೇ ಎಲೆಹಸಿರಿಗೆ ತಿರುಗಿತು. ಅಮೋನಿಯಾ, ಲೀಟರಿಗೆ 2 ಮಿಲಿಗ್ರಾಂ. ಸೊನ್ನೆ ಇರಬೇಕಾದ ಜಾಗದಲ್ಲಿ ಎರಡು!

ಎದೆ ಧಸಕ್ಕೆಂದಿತು. ಇದನ್ನು ಮಾಡಿದವನು ನಾನೇ.

ಮೂರು ದಿನದ ಹಿಂದೆ, ಶನಿವಾರ, ಹಳೆಯ ಫಿಲ್ಟರಿನ ಮೋಟಾರು ಗರಗರ ಸದ್ದು ಮಾಡಿ ನಿಂತಿತ್ತು. ಹೊಸ ಕ್ಯಾನಿಸ್ಟರ್ ಫಿಲ್ಟರ್ ತಂದೆ. ಒಳಗೆ ಹಾಲುಬಿಳುಪಿನ ಸೆರಾಮಿಕ್ ಉಂಗುರಗಳು, ಹೊಚ್ಚಹೊಸ ಸ್ಪಂಜು. ಹಳೆಯ ಸ್ಪಂಜನ್ನು ಹಿಂಡಿದರೆ ಕಾಫಿ ಗಸಿಯಂಥ ಕೆಸರು. ಹೇಸಿಗೆಯಾಗಿ ಕಸದ ಬುಟ್ಟಿಗೆ ಎಸೆದೆ. ಅದೇ ಉಮೇದಿನಲ್ಲಿ ತಳದ ಜಲ್ಲಿಯನ್ನೂ ಕಾವೇರಿ ನೀರಿನ ನಲ್ಲಿಗೆ ಹಿಡಿದು ತಿಕ್ಕಿ ತೊಳೆದೆ. ರೋಗಾಣು ಕೊಂದು ನಮ್ಮನ್ನು ಕಾಯುವ ಆ ನೀರಿನ ಕ್ಲೋರಿನ್, ಜಲ್ಲಿಗೆ ಅಂಟಿ ಬದುಕಿದ್ದ ಜೀವಗಳನ್ನೂ ಕೊಂದಿತು.

ಮೀನು ಉಸಿರಾಡಿದಷ್ಟೂ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ಹರಿವ ಹೊಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಕೆಲವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇವುಗಳ ಗುಟ್ಟು ಬಿಡಿಸಿದ. ಎರಡೂ ಕೆಲಸವನ್ನು ಒಂಟಿಯಾಗಿಯೇ ಮುಗಿಸುವ ನೈಟ್ರೋಸ್ಪೈರಾ ಇದೆ ಎಂದು ತಿಳಿದದ್ದು 2015ರಲ್ಲಿ. ಅದು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರೂ ಒಂದು. ಇವು ನೀರಿನಲ್ಲಿ ತೇಲುವುದು ಕಡಿಮೆ. ಸ್ಪಂಜಿಗೆ, ಕಲ್ಲಿಗೆ ಅಂಟಿ ಕೂರುತ್ತವೆ. ನಮ್ಮ ಕರುಳಿನ ಇ. ಕೋಲಿ ಇಪ್ಪತ್ತು ನಿಮಿಷದಲ್ಲಿ ಇಮ್ಮಡಿಯಾದರೆ ಇವಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಬರಿದಾದ ಫಿಲ್ಟರಿನಲ್ಲಿ ಇವು ಮತ್ತೆ ನೆಲೆಯೂರಲು ನಾಲ್ಕರಿಂದ ಆರು ವಾರ. ಹಳೆಯ ಸ್ಪಂಜನ್ನು ಹೊಸ ಡಬ್ಬಿಯೊಳಗೆ ತುರುಕಿದ್ದರೆ ಸಾಕಿತ್ತು. ನಾನು ಎಂಟು ವರ್ಷದ ಕೂಡುಕುಟುಂಬವನ್ನೇ ಒಂದು ಮಧ್ಯಾಹ್ನ ಮನೆಯಿಂದಾಚೆ ಹಾಕಿದ್ದೆ.

ಏಳು ಮೀನುಗಳೂ ಮಿಸ್ ಕೇರಳ, ಸಾಕಣೆಯಲ್ಲೇ ಹುಟ್ಟಿದವು. ಮೂತಿಯಿಂದ ಬಾಲದವರೆಗೆ ಕಪ್ಪುಪಟ್ಟಿ, ಅದರ ಮೇಲೆ ರಕ್ತದ ಗೆರೆ. ಈ ಜಾತಿಗೆ 1865ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟ. ಇಂದು ಶಾಸ್ತ್ರೀಯ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಕೇರಳ ಮತ್ತು ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇದರ ತವರಿಲ್ಲ. ಅಲ್ಲಿಯೂ ಅಳಿವಿನಂಚಿನಲ್ಲಿದೆ. ಬಂಡೆಗೆ ಬಡಿದು ನೊರೆಯೇಳುವ ನೀರಿನ ಜೀವ. ಉಸಿರು ಕಟ್ಟಿದರೆ ಮೊದಲು ಸೋಲುವುದು ಇದೇ.

ಯೋಚಿಸಲು ಹೊತ್ತಿಲ್ಲ. ಪೈಪು ಇಳಿಬಿಟ್ಟು ಅರ್ಧ ನೀರು ಹೊರಗೆ. ಡ್ರಮ್ಮಿನ ನೀರಿಗೆ ಕ್ಲೋರಿನ್ ಮುರಿಯುವ ಹೈಪೋ ಹರಳು ಕರಗಿಸಿ, ಬಿಸಿ-ತಣುಪು ಕೈಯಿಂದಲೇ ನೋಡಿ, ಬಕೆಟ್ ಬಕೆಟ್ ಹೊತ್ತು ಸುರಿದೆ. ಹೆಂಡತಿ ಎದ್ದಳು, ಮಗಳು ಎದ್ದಳು. ವಿಷ ಅರ್ಧಕ್ಕಿಳಿಯಿತು. ಆದರೆ ಮೀನು ಉಸಿರಾಡುತ್ತಿವೆ, ಅಂದರೆ ವಿಷ ಮತ್ತೆ ಏರುತ್ತಲೇ ಇದೆ. ಪಿಎಚ್ ಬೇರೆ 7.8; ಅದು ಒಂದಂಕ ಹೆಚ್ಚಿದರೆ ಅಮೋನಿಯಾದ ವಿಷಭಾಗ ಸುಮಾರು ಹತ್ತು ಪಟ್ಟಾಗುತ್ತದೆ.

ಬೇಕಿದ್ದದ್ದು ಒಂದೇ, ಕೆಸರು. ಬದುಕಿರುವ, ಹಳೆಯ, ಕೊಳಕು ಕೆಸರು.

ಗೆಳೆಯನಿಗೆ ಫೋನ್ ಮಾಡಿದೆ. ಅವನಿರುವುದು ಯಲಹಂಕದಲ್ಲಿ, ನಾವು ಬಸವನಗುಡಿಯಲ್ಲಿ. ಹತ್ತನೇ ರಿಂಗಿಗೆ ಎತ್ತಿದ. ಅರ್ಧ ಮಾತು ಕೇಳುವಷ್ಟರಲ್ಲೇ, “ನನ್ನ ಫಿಲ್ಟರಿಂದ ಎರಡು ಸ್ಪಂಜು ಕೊಡ್ತೀನಿ, ಹೊರಡು” ಎಂದ.

ಮಳೆ ಧೋ ಎಂದು ಸುರಿಯುತ್ತಿತ್ತು. ಮೇಖ್ರಿ ಸರ್ಕಲ್, ಹೆಬ್ಬಾಳದ ಫ್ಲೈಓವರ್, ಕಾರಿನ ವೈಪರ್ ಸೋಲುವಷ್ಟು ನೀರು. ನಾಲ್ಕು ಗಂಟೆಗೆ ಅವನ ಗೇಟು. ಛತ್ರಿ ಹಿಡಿದು, ಬಕೆಟ್ ಹಿಡಿದು, ಲುಂಗಿಯಲ್ಲೇ ನಿಂತಿದ್ದ. ಅವನ ಟ್ಯಾಂಕಿನದೇ ನೀರು, ಅದರಲ್ಲಿ ಎರಡು ಕಂದು ಸ್ಪಂಜು, ಗುಳುಗುಳು ಎನ್ನುವ ಬ್ಯಾಟರಿ ಏರ್ ಪಂಪು. ಮಾತಾಡದೆ ಹಿಂದಿನ ಸೀಟಿನ ಕೆಳಗಿಟ್ಟ.

ವಾಪಸು ಬರುವಾಗ ಫೋನು. ಮಗಳ ದನಿ: “ಅಪ್ಪಾ, ಕರೆಂಟು ಹೋಯ್ತು.”

ಪಂಪು ನಿಂತಿದೆ, ಗಾಳಿ ನಿಂತಿದೆ, ಏಳು ಜೀವ ಕತ್ತಲಲ್ಲಿದೆ. “ಚೊಂಬು ತಗೋ. ಟ್ಯಾಂಕಿನ ನೀರನ್ನೇ ಎತ್ತಿ ಮೊಳದೆತ್ತರದಿಂದ ಸುರಿ. ನಿಲ್ಲಿಸಬೇಡ.” ಬೀಳುವ ನೀರು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸ್ಪೀಕರಿನಲ್ಲಿ ಆ ಸದ್ದು ಕೇಳುತ್ತಲೇ ಬಂತು: ಧೊಳ್, ಧೊಳ್, ಧೊಳ್. ಅವಳ ತೋಳು ಸೋತಾಗ ಅಮ್ಮ, ಅಮ್ಮ ಸೋತಾಗ ಅವಳು.

ಹೆಬ್ಬಾಳ ಇಳಿಯುವಾಗ ಹಿಂದಿನ ಗುಳುಗುಳು ನಿಂತಿತು. ಬ್ಯಾಟರಿ ಮುಗಿದಿತ್ತು. ಬಕೆಟ್ಟಿನ ನಿಂತ ನೀರಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬೇಗನೆ ಹೀರಿ ಮುಗಿಸುತ್ತವೆ. ಕಾರನ್ನು ಪಕ್ಕಕ್ಕೆ ಹಾಕಿದೆ. ಮಳೆಯಲ್ಲೇ ಇಳಿದು ಬಕೆಟ್ ಬಗ್ಗಿಸಿ ನೀರೆಲ್ಲ ಚೆಲ್ಲಿಬಿಟ್ಟೆ! ಹುಚ್ಚಲ್ಲ, ಒದ್ದೆ ಸ್ಪಂಜಿಗೆ ನಿಂತ ನೀರಿಗಿಂತ ಬಯಲ ಗಾಳಿಯೇ ಲೇಸು. ಒಣಗಬಾರದು, ಅಷ್ಟೇ. ಮಳೆಹನಿ ಬೀಳದಂತೆ ಮೇಲೆ ಟವೆಲ್ ಹೊದಿಸಿ ಮತ್ತೆ ಗಾಡಿ ಓಡಿಸಿದೆ.

ಐದಕ್ಕೆ ಹತ್ತು ನಿಮಿಷ. ಮೇಣದಬತ್ತಿಯ ಬೆಳಕಿನಲ್ಲಿ ಇಬ್ಬರೂ ತೊಪ್ಪೆಯಾಗಿ ನಿಂತಿದ್ದರು. ಕ್ಯಾನಿಸ್ಟರ್ ಬಿಚ್ಚಿ ಒಂದು ಸ್ಪಂಜನ್ನು ಬಿಳಿಯ ಉಂಗುರಗಳ ಮೇಲೆ ಹಿಂಡಿ ಒಳಗಿಟ್ಟೆ, ಇನ್ನೊಂದನ್ನು ಇಡಿಯಾಗಿ ತುರುಕಿದೆ. ಕಂದು ರಸ ಉಂಗುರಗಳ ಸಂದುಗಳಿಗೆ ಇಳಿಯಿತು. ಐದೂಕಾಲಿಗೆ ಕರೆಂಟು ಬಂತು. ಪಂಪು ಗುಂಯ್ ಎಂದಿತು. ಟ್ಯಾಂಕೆಲ್ಲ ಒಂದು ಗಳಿಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಅಷ್ಟು ಚೆಂದದ ರಾಡಿಯನ್ನು ನಾನು ಇನ್ನೊಮ್ಮೆ ಕಂಡಿಲ್ಲ.

ನಾಲ್ಕನೆಯ ದಿನ ನೈಟ್ರೈಟ್ ಏರಿತು. ಅದು ಮೀನಿನ ರಕ್ತವನ್ನು ಚಾಕೊಲೇಟ್ ಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಹೊರದಂತೆ ಮಾಡುತ್ತದೆ. ಉಪ್ಪು ಕರಗಿಸಿ ಹಾಕಿದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ದಿನಾ ಕಾಲುಭಾಗ ನೀರು ಬದಲು, ಆಹಾರ ದಿನ ಬಿಟ್ಟು ದಿನ ಒಂದು ಚಿಟಿಕೆ. ಆರನೆಯ ಬೆಳಗ್ಗೆ ಎಲ್ಲಕ್ಕಿಂತ ದೊಡ್ಡದು, ಬಾಲದ ತುದಿ ಹರಿದಿದ್ದದ್ದು, ತಳದಲ್ಲಿ ಮಲಗಿತ್ತು. ಮಗಳು ಅದನ್ನು ದಾಸವಾಳದ ಬುಡದಲ್ಲಿ ಹೂತಳು. ಆ ದಿನ ಯಾರೂ ಹೆಚ್ಚು ಮಾತಾಡಲಿಲ್ಲ.

ಹತ್ತೊಂಬತ್ತನೆಯ ದಿನ ನಳಿಗೆ ಹಿಡಿದು ಐದು ನಿಮಿಷ ಕಾದೆವು. ಹಳದಿ. ಹಳದಿಯೇ ಉಳಿಯಿತು. ನೈಟ್ರೈಟಿನದು ಬಾನಿನ ನೀಲಿ, ಅಂದರೆ ಸೊನ್ನೆ. ಫಿಲ್ಟರಿನ ನೀರು ಚಿಮ್ಮುವ ಮೂಲೆಯಲ್ಲಿ ಆರೂ ಮೀನುಗಳು ಸೆಳವಿಗೆ ಮೂತಿಯೊಡ್ಡಿ, ಘಟ್ಟದ ಹೊಳೆಯಲ್ಲಿ ನಿಲ್ಲುವ ಹಾಗೆ, ಒಂದೇ ಸಾಲಿನಲ್ಲಿ ನಿಂತಿದ್ದವು.