ಕೊಟ್ಟ ಮಾತು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಹರಿಹರದ ಶಾಲೆಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ, ವಿಶ್ರಾಂತಿವೇತನ ಬಂದ ಮೇಲೆ ಮಕ್ಕಳ ಅನುಕೂಲಕ್ಕೆಂದು ಈ ಊರಿಗೆ ಬಂದು ನೆಲೆಸಿದವರು. ಬೆಳಗ್ಗೆ ಪತ್ರಿಕೆ, ಮಧ್ಯಾಹ್ನ ನಿದ್ರೆ, ಸಂಜೆ ಗೆಳೆಯರೊಡನೆ ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ: ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಯಾರ ತಂಟೆಗೂ ಹೋದವರಲ್ಲ. ಪೊಲೀಸು ಠಾಣೆಯ ಮೆಟ್ಟಿಲು ಹತ್ತಿದವರಂತೂ ಅಲ್ಲವೇ ಅಲ್ಲ.

ಅಂಥವರ ಬಾಗಿಲಿಗೆ ಒಂದು ಬೆಳಗ್ಗೆ ಹರಿಹರದಿಂದ ಮುದುಕಿಯೊಬ್ಬಳು ಬಂದು ನಿಂತಳು. ಅವಳ ಮಗ ಒಂದು ಕಾಲದಲ್ಲಿ ಮೇಷ್ಟ್ರ ಶಿಷ್ಯ. ಹೊಲದ ಬದುವಿನ ಜಗಳದಲ್ಲಿ ನೆರೆಹೊಲದವನ ಪ್ರಾಣ ತೆಗೆದು, ಜೀವಾವಧಿ ಶಿಕ್ಷೆಗೆ ಗುರಿಯಾಗಿ, ೧೧ ವರ್ಷಗಳಿಂದ ಶಿವಮೊಗ್ಗದ ಕೇಂದ್ರ ಕಾರಾಗೃಹದಲ್ಲಿದ್ದಾನೆ. ಈಗ ಮುಚ್ಚಿಹೋಗಿರುವ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಅವನ ತಂದೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ.

“ನನ್ನ ಮಗ ಮಾಡಿದ್ದು ಸರಿ ಅಂತ ನಾನು ಅನ್ನಾಕಿಲ್ಲ, ಮೇಷ್ಟ್ರೇ. ಅಪ್ಪನ ಉಸಿರು ಇರೋವಾಗ ಒಂದು ಸಲ ಅವನ ಮಖ ನೋಡ್ಲಿ. ಪೆರೋಲಿಗೆ ಒಂದು ಅರ್ಜಿ ಬರ್ಕೊಡ್ರಿ” ಎಂದಳು.

ಮೇಷ್ಟ್ರು ಬರೆದುಕೊಟ್ಟರು. ಒಂದು ಅರ್ಜಿ ತಾನೆ, ಅಷ್ಟರಿಂದ ಹೋಗುವುದೇನು ಎಂದುಕೊಂಡಿದ್ದರು. ಕಾರಾಗೃಹದ ಅಧಿಕಾರಿಗಳು ನಿಯಮದಂತೆ ಸ್ಥಳೀಯ ಪೊಲೀಸರ ವರದಿ ತರಿಸಿದರು. ಸತ್ತವನ ಸಂಸಾರವೂ ಅದೇ ಊರಿನಲ್ಲಿ, ಎರಡೇ ಬೀದಿಯ ಆಚೆ ಇರುವುದರಿಂದ ಕೈದಿ ಊರಿಗೆ ಬಂದರೆ ಶಾಂತಿಭಂಗವಾದೀತೆಂದು ವರದಿ ಹೇಳಿತು. ಅರ್ಜಿ ತಿರಸ್ಕೃತವಾಯಿತು. ವರದಿ ಬರೆದವರನ್ನು ದೂರುವಂತಿರಲಿಲ್ಲ. ಅನಾಹುತವಾದರೆ ಉತ್ತರ ಹೇಳಬೇಕಾದವರು ಅವರೇ ಅಲ್ಲವೆ?

ಮುದುಕಿ ಮತ್ತೆ ಬಂದಳು. ಆಗ ಮೇಷ್ಟ್ರು ಕಾನೂನು ಓದತೊಡಗಿದರು.

ಓದಿದಂತೆಲ್ಲ ತಾವು ಇಷ್ಟು ಕಾಲ ನಂಬಿದ್ದ ಎಷ್ಟೋ ಸಂಗತಿಗಳು ಸುಳ್ಳೆಂದು ಅವರಿಗೆ ತಿಳಿದುಬಂತು. ಜೀವಾವಧಿ ಎಂದರೆ ೧೪ ವರ್ಷ ಎಂಬುದು ಜನಸಾಮಾನ್ಯರ ನಂಬಿಕೆ. ನಿಜದಲ್ಲಿ ಅದು ಜೀವ ಇರುವವರೆಗಿನ ಶಿಕ್ಷೆಯೆಂದು ಸರ್ವೋಚ್ಚ ನ್ಯಾಯಾಲಯವು ೧೯೬೧ರಷ್ಟು ಹಿಂದೆಯೇ ಹೇಳಿದೆ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಗಳಲ್ಲಿ ಜೀವಾವಧಿ ಶಿಕ್ಷೆಯಾದವನನ್ನು ೧೪ ವರ್ಷ ಸೆರೆಯಲ್ಲಿ ಕಳೆಯುವ ಮುನ್ನ ಮಾಫಿ ಕೊಟ್ಟು ಬಿಡುವಂತಿಲ್ಲ ಎಂಬ ನಿಯಮ ದಂಡಪ್ರಕ್ರಿಯಾ ಸಂಹಿತೆಗೆ ೧೯೭೮ರಲ್ಲಿ ಸೇರಿತು. ೨೦೨೪ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹದಿನಾಲ್ಕು ತುಂಬಿದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಸರ್ಕಾರ ಮನಸ್ಸು ಮಾಡಬೇಕು.

ಪೆರೋಲ್ ಎಂಬುದು ಇದಕ್ಕಿಂತ ಬೇರೆ. ಅದು ಬಿಡುಗಡೆಯಲ್ಲ, ಶಿಕ್ಷೆಯ ಕಡಿತವೂ ಅಲ್ಲ. ಸೆರೆಯೊಳಗಿನವನಿಗೆ ಸಂಸಾರದ ಎಳೆ ಪೂರ್ತಿ ಕಡಿದುಹೋಗದಿರಲೆಂದು ಕೆಲವು ದಿನಗಳ ಮಟ್ಟಿಗೆ ಕೊಡುವ ಅವಕಾಶ. ೨೦೧೭ರಲ್ಲಿ ರಾಜಸ್ಥಾನದ ಕೈದಿಯೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಉದ್ದೇಶವನ್ನು ವಿಸ್ತಾರವಾಗಿಯೇ ವಿವರಿಸಿತು. ಹೊರಗೆ ಕಳೆದ ಆ ದಿನಗಳನ್ನು ೧೪ ವರ್ಷದ ಲೆಕ್ಕಕ್ಕೆ ಹಿಡಿಯಲಾಗದೆಂದು ಗೋವೆಯಿಂದ ಬಂದ ಮೊಕದ್ದಮೆಯಲ್ಲಿ ೨೦೨೩ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಎಂದರೆ, ಇಂದು ತಂದೆಯ ಬಳಿ ಕುಳಿತ ದಿನಕ್ಕೆ ಮುಂದೊಂದು ದಿನ ಕಂಬಿಯ ಹಿಂದೆ ಬೆಲೆ ತೆರಲೇಬೇಕು.

ನಮ್ಮ ನಾಡಿನ ಉಚ್ಚ ನ್ಯಾಯಾಲಯದ ಆಜ್ಞೆಗಳೆರಡು ಮೇಷ್ಟ್ರ ಕಣ್ಣಿಗೆ ಬಿದ್ದವು. ೨೦೨೩ರಲ್ಲಿ ಕೊಲೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿದ್ದ ಯುವಕನೊಬ್ಬನಿಗೆ ವಿವಾಹವಾಗಲು ೧೫ ದಿನಗಳ ಪೆರೋಲ್ ದೊರೆಯಿತು. ನ್ಯಾಯಾಲಯಕ್ಕೆ ಮೊರೆಯಿಟ್ಟವರು ಅವನ ತಾಯಿ ಮತ್ತು ಅವನನ್ನೇ ವರಿಸುವೆನೆಂದು ವರ್ಷಗಟ್ಟಲೆ ಕಾದಿದ್ದ ಹುಡುಗಿ. ಸ್ವಂತ ಮದುವೆಗೆ ಪೆರೋಲ್ ಕೊಡಲು ನಿಯಮವಿಲ್ಲವೆಂದು ಸರ್ಕಾರದ ಪರ ವಕೀಲರು ವಾದಿಸಿದರೂ, ಇದು ವಿಶೇಷ ಸಂದರ್ಭವೆಂದು ನ್ಯಾಯಮೂರ್ತಿಗಳು ಮನ್ನಿಸಿದರು. ೨೦೨೪ರಲ್ಲಿ, ಹತ್ತು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ ಕನಕಪುರ ಕಡೆಯ ಕೈದಿಯೊಬ್ಬನಿಗೆ ತಂದೆಯ ಹೊಲದ ಬೇಸಾಯ ನೋಡಿಕೊಳ್ಳಲು ೯೦ ದಿನಗಳ ಅವಕಾಶವಿತ್ತರು.

“ಮದುವೆಗೂ ಉಳುಮೆಗೂ ಉಂಟಾದ ದಾರಿ, ಸಾಯುವ ತಂದೆಯನ್ನು ನೋಡುವುದಕ್ಕೆ ಇಲ್ಲದೆ ಹೋದೀತೆ?” ಎಂದು ಮೇಷ್ಟ್ರು ಹುರುಪಿನಿಂದ ಮಡದಿಗೆ ಹೇಳಿದರು. ಪೆರೋಲ್ ಎಂಬ ಶಬ್ದಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಮಾತು’ ಎಂದೇ ಅರ್ಥವಂತೆ. ಸೆರೆಸಿಕ್ಕ ಯೋಧನು ಕೊಟ್ಟ ಮಾತಿನ ಮೇಲೆ ಅವನನ್ನು ಬಿಡುತ್ತಿದ್ದ ಪದ್ಧತಿಯಿಂದ ಅದು ಬಂದಿತಂತೆ ಎಂದರು. “ನಮಗಿದು ಹೊಸತೇನಲ್ಲ. ಪುಣ್ಯಕೋಟಿಗೆ ಹುಲಿ ಕೊಟ್ಟದ್ದು ಪೆರೋಲೇ ಅಲ್ಲವೆ? ಆ ಪದ್ಯವನ್ನು ನಾನೇ ಆ ಹುಡುಗನಿಗೆ ಕಲಿಸಿದ್ದೆ.”

ಆಕೆ ಕುಚ್ಚಲು ಹಾಕುತ್ತಿದ್ದ ಸೀರೆಯಿಂದ ಕಣ್ಣೆತ್ತದೆ ಹೇಳಿದರು: “ಪುಣ್ಯಕೋಟಿ ಯಾರನ್ನೂ ಕೊಂದಿರಲಿಲ್ಲ.”

ಆ ಒಂದು ಮಾತು ಮೇಷ್ಟ್ರ ಹುರುಪನ್ನೆಲ್ಲ ಇಳಿಸಿಬಿಟ್ಟಿತು. ರಾತ್ರಿಯೆಲ್ಲ ಅವರಿಗೆ ನಿದ್ರೆ ಬರಲಿಲ್ಲ. ಇಷ್ಟು ದಿನವೂ ಅವರು ಒಬ್ಬ ತಾಯಿಯ ಕಣ್ಣೀರನ್ನು ಮಾತ್ರ ಕಂಡಿದ್ದರು. ಎರಡು ಬೀದಿಯ ಆಚೆ ಇನ್ನೊಬ್ಬಳಿದ್ದಾಳೆ. ಅವಳ ಗಂಡನನ್ನು ಯಾವ ನ್ಯಾಯಾಲಯವೂ ಹದಿನೈದು ದಿನದ ಮಟ್ಟಿಗೆ ಮನೆಗೆ ಕಳುಹಿಸಿಕೊಡಲಾರದು. ಅವಳ ಅರ್ಜಿಯನ್ನು ಬರೆಯುವವರು ಯಾರು?

ಮರುದಿನ ಅವರು ಹರಿಹರದ ಬಸ್ಸು ಹತ್ತಿದರು. ಮೊದಲು ಹರಿಹರೇಶ್ವರನ ಗುಡಿಗೆ ಹೋಗಿ ಕೈಮುಗಿದರು. ಹೊಯ್ಸಳರ ಕಾಲದ ಆ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. ಕೊಂದವನ ತಾಯಿಯೂ ಸತ್ತವನ ಹೆಂಡತಿಯೂ ಸೋಮವಾರ ಸೋಮವಾರ ಇದೇ ಬಾಗಿಲಿಗೆ ಬರುವವರು. ಒಬ್ಬರನ್ನೊಬ್ಬರು ಕಂಡರೆ ಮುಖ ತಿರುವಿಕೊಳ್ಳುವವರು. ಇಬ್ಬರ ಮೊರೆಯನ್ನೂ ಆ ಒಂದೇ ದೇವರು ಕೇಳಬೇಕು.

ಆ ಹೆಣ್ಣುಮಗಳು ಮೇಷ್ಟ್ರನ್ನು ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟಳು. ಗೋಡೆಯ ಮೇಲೆ ಹಾರ ಹಾಕಿದ ಪಟ. ಅವಳ ಮಗ, ಹದಿನೈದರ ಪ್ರಾಯದವನು, ಬಾಗಿಲಿಗೊರಗಿ ನಿಂತು ಕೇಳುತ್ತಿದ್ದ. ಮೇಷ್ಟ್ರು ಬಂದ ಕಾರಣವನ್ನು ತೊದಲುತ್ತಲೇ ಹೇಳಿ ಮುಗಿಸಿದರು. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಮಗನನ್ನು ಅಂಗಡಿಗೆ ಕಳಿಸಿ, ಹೀಗೆಂದಳು:

“ಬರ್ಲಿ ಅಂತ ನನ್ನ ಬಾಯಾಗೆ ಬರಾಕಿಲ್ಲ, ಮೇಷ್ಟ್ರೇ. ಬ್ಯಾಡ ಅಂದ್ರೆ ಆ ಮುದುಕನ ಶಾಪ ನನಗ್ಯಾಕೆ? ಆದ್ರೆ ಅವನು ಈ ಊರಾಗೆ ಕಾಲಿಡಬಾರದು. ನನ್ನ ಮಗ ಈಗ ಮೀಸೆ ಬರೋ ಹುಡುಗ. ಅವನು ಇವನ ಕಣ್ಣಿಗೆ ಬಿದ್ರೆ ನಾಳೆ ನಾನೂ ಜೈಲಿನ ಬಾಗ್ಲಾಗೆ ಅರ್ಜಿ ಹಿಡ್ಕೊಂಡು ನಿಲ್ಬೇಕಾಗ್ತದೆ.”

ಪೊಲೀಸರ ವರದಿಯಲ್ಲಿದ್ದ ‘ಶಾಂತಿಭಂಗ’ ಎಂಬ ಪದದ ಅರ್ಥ ಮೇಷ್ಟ್ರಿಗೆ ಆಗ ತಿಳಿಯಿತು.

ಎರಡನೆಯ ಅರ್ಜಿಯನ್ನು ಅವರು ಬೇರೆ ರೀತಿಯಲ್ಲಿ ಬರೆದರು. ಕೈದಿ ಹರಿಹರಕ್ಕೆ ಹೋಗುವುದಿಲ್ಲ. ದಾವಣಗೆರೆಯಲ್ಲಿರುವ ಅಕ್ಕನ ಮನೆಯಲ್ಲಿ ಇರತಕ್ಕದ್ದು. ರೋಗಿಯಾದ ತಂದೆಯನ್ನೇ ಅಲ್ಲಿಗೆ ಕರೆತರಲಾಗುವುದು. ದಿನವೂ ಠಾಣೆಗೆ ಹೋಗಿ ಸಹಿ ಹಾಕತಕ್ಕದ್ದು. ಮೃತನ ಪತ್ನಿಯ ಆತಂಕವನ್ನೂ ಮರೆಮಾಚದೆ ಬರೆದರು. ಜಾಮೀನುದಾರರ ಹೆಸರು ಬರೆಯುವ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಆ ಬಡ ಸಂಸಾರಕ್ಕೆ ಜಾಮೀನು ನಿಲ್ಲುವವರು ಯಾರಿದ್ದರು? ಕಡೆಗೆ ತಮ್ಮ ಹೆಸರನ್ನೇ ಬರೆದರು.

“ಅವನು ತಿರುಗಿ ಹೋಗದಿದ್ದರೆ?” ಎಂದು ಮಡದಿ ಕೇಳಿದರು. ಮೇಷ್ಟ್ರಲ್ಲಿ ಉತ್ತರವಿರಲಿಲ್ಲ. ಆಕೆ ಬೇಡವೆನ್ನಲಿಲ್ಲ; ಬೀರುವಿನಿಂದ ಮನೆಯ ಕಾಗದಪತ್ರಗಳ ಗಂಟನ್ನು ತಂದು ಮೇಜಿನ ಮೇಲಿಟ್ಟು ಒಳಗೆ ಹೋದರು.

ಕೆಲವು ತಿಂಗಳ ಮೇಲೆ ಹದಿನೈದು ದಿನಗಳ ಪೆರೋಲ್ ಮಂಜೂರಾಯಿತು.

ಆ ಹದಿನೈದು ದಿನಗಳನ್ನು ಮೇಷ್ಟ್ರು ಹೇಗೆ ಕಳೆದರೆಂಬುದನ್ನು ಅವರ ಮನೆಯವರೇ ಬಲ್ಲರು. ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುವರು. ಶಿಷ್ಯನನ್ನು ಕಾಣಲು ಹೋದದ್ದು ಒಂದೇ ಬಾರಿ. ನಲವತ್ತು ದಾಟದವನ ತಲೆ ಬೆಳ್ಳಗಾಗಿತ್ತು. ಮಾತು ಕಳೆದುಕೊಂಡಿದ್ದ ತಂದೆಗೆ ಅವನು ಚಮಚದಿಂದ ಗಂಜಿ ಕುಡಿಸುತ್ತಿದ್ದ. ಮುದುಕನ ಎಡಗೈ ಮಗನ ಅಂಗಿಯ ತುದಿಯನ್ನು ಹಿಡಿದುಕೊಂಡಿತ್ತು. ಮೇಷ್ಟ್ರು ಹೊಸ್ತಿಲಿನಿಂದಲೇ ಹಿಂದಿರುಗಿದರು.

ಕೊನೆಯ ದಿನ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಅವನು ಬಟ್ಟೆಯ ಚೀಲ ಹಿಡಿದು ಮೇಷ್ಟ್ರ ಮನೆಗೆ ಬಂದ. ಕಾಲಿಗೆ ನಮಸ್ಕರಿಸಿ, ಹೊರಡುತ್ತೇನೆಂದ. ಮೇಷ್ಟ್ರ ಮಡದಿ ಏನನ್ನೂ ಹೇಳದೆ ಒಂದು ಲೋಟ ಕಾಫಿ ತಂದಿಟ್ಟರು. ಮೇಷ್ಟ್ರು ಅವನೊಡನೆ ಬಸ್ ನಿಲ್ದಾಣಕ್ಕೆ ನಡೆದರು. ಹರಿಹರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸು ಸಿದ್ಧವಾಗಿ ನಿಂತಿತ್ತು, ಸೀಟುಗಳೂ ಖಾಲಿಯಿದ್ದವು.

“ಹತ್ತಪ್ಪ, ಹೊತ್ತಿಗೆ ಮುಂಚೆ ತಲಪುತ್ತೀಯೆ” ಎಂದರು ಮೇಷ್ಟ್ರು.

“ಬ್ಯಾಡ ಸರ್. ಚನ್ನಗಿರಿ ಮೇಲಿನ ಬಸ್ಸು ಬರ್ಲಿ. ಇದು ನಮ್ಮೂರಾಗೆ ನಿಲ್ತದೆ. ಆ ಅಕ್ಕಂಗೆ ಮಾತು ಕೊಟ್ಟೀವಿ.”

ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತರು. ಹರಿಹರದ ಬಸ್ಸು ಹೊರಟುಹೋಯಿತು. ಚನ್ನಗಿರಿಯ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು.