ಹಾಕದೇ ಬಿಟ್ಟ ಓಟು

2015ರ ಕೊನೆಗೆ ಕಂಪನಿ ನನ್ನನ್ನು ಇಂಗ್ಲೆಂಡಿನ ರೆಡಿಂಗ್‌ಗೆ ಕಳಿಸಿತು. ಹೋಗಿ ಏಳೆಂಟು ತಿಂಗಳಾಗಿತ್ತಷ್ಟೇ, ಪೋಸ್ಟಿನಲ್ಲಿ ಒಂದು ಕಾರ್ಡು ಬಂತು. ಬ್ರಿಟನ್ ಯುರೋಪಿಯನ್ ಯೂನಿಯನ್‌ನಲ್ಲಿ ಇರಬೇಕೋ ಬಿಡಬೇಕೋ, 2016ರ ಜೂನ್ 23ಕ್ಕೆ ಬಂದು ಓಟು ಹಾಕಿ ಅಂತ. ಯಾರದೋ ಕಾರ್ಡು ನನಗೆ ಬಂದಿದೆ ಅಂದುಕೊಂಡೆ. ಅಲ್ಲ, ನನ್ನದೇ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ವೀಸಾದ ಮೇಲೆ ಹೋದವನಿಗೂ ಅಲ್ಲಿ ಓಟಿದೆ!

ನನ್ನ ಪಕ್ಕದ ಡೆಸ್ಕಿನಲ್ಲಿದ್ದವಳು ಪೋಲೆಂಡಿನವಳು. ಅವಳ ದೇಶ ಯೂನಿಯನ್ ಸೇರಿದ 2004ರಲ್ಲೇ ಬಂದವಳು. ಹನ್ನೆರಡು ವರ್ಷ ಟ್ಯಾಕ್ಸ್ ಕಟ್ಟಿದ್ದಾಳೆ, ಮಗಳು ಹುಟ್ಟಿದ್ದೂ ಅಲ್ಲೇ. ಅವಳಿಗೆ ಓಟಿಲ್ಲ. ಕಾರ್ಡು ತೋರಿಸಿದ್ದಕ್ಕೆ ನಕ್ಕು, "ಹಾಗಾದ್ರೆ ನನ್ನ ಓಟೂ ನೀನೇ ಹಾಕಿಬಿಡು" ಅಂದಳು. ಆಯ್ತು ಅಂದೆ.

ನಿಜ ಹೇಳ್ಬೇಕಂದ್ರೆ ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು. ಕೆಲಸ ಹೋದರೆ ನಾನು ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಅವಳಿಗೆ ವೀಸಾದ ಗೋಜೇ ಇಲ್ಲ.

ಆ ದಿನ ಜೋರು ಮಳೆ, ಮೇಲಿಂದ ಆಫೀಸಿನಲ್ಲಿ ರಿಲೀಸ್. ರಾತ್ರಿ ಹತ್ತರವರೆಗೆ ಟೈಮ್ ಇತ್ತು. ನಾನು ಹೋಗಲಿಲ್ಲ. ಬೆಳಿಗ್ಗೆ ನೋಡಿದ್ರೆ 51.9 ಪರ್ಸೆಂಟ್ ಜನ ಬಿಡೋಣ ಅಂದಿದ್ದರು. "ಹಾಕಿದೆ ತಾನೇ?" ಅಂತ ಕೇಳಿದಳು. "ಹ್ಞೂಂ" ಅಂದೆ.

2019ರಲ್ಲಿ, ಯೂನಿಯನ್ ದೇಶಗಳಿಂದ ಬಂದವರೆಲ್ಲ ಅಲ್ಲೇ ಉಳಿಯೋದಕ್ಕೆ ಅರ್ಜಿ ಹಾಕಬೇಕು ಅಂತಾಯ್ತು. ಸತತ ಐದು ವರ್ಷ ಇದ್ದವರಿಗೆ ಸೆಟಲ್ಡ್ ಸ್ಟೇಟಸ್, ಕಮ್ಮಿ ಇದ್ದವರಿಗೆ ಪ್ರೀ-ಸೆಟಲ್ಡ್. ಕೊನೇ ದಿನ 2021ರ ಜೂನ್ 30. ಮೊದಲು 65 ಪೌಂಡ್ ಫೀಸ್ ಅಂದಿದ್ದರು, ಆಮೇಲೆ ಕೈಬಿಟ್ಟರು. ಪಾಸ್‌ಪೋರ್ಟಿನ ಚಿಪ್ ಓದೋ ಆ್ಯಪ್ ಆಗಿನ್ನೂ ಆಂಡ್ರಾಯ್ಡ್‌ನಲ್ಲಿ ಮಾತ್ರ ಇತ್ತು. ಅವಳದು ಐಫೋನ್. ಊಟದ ಹೊತ್ತಿಗೆ ನನ್ನ ಫೋನ್ ಕೇಳಿಕೊಂಡು ಬಂದಳು.

ಪಾಸ್‌ಪೋರ್ಟಿನ ಮೇಲೆ ಫೋನಿಟ್ಟು, ಅದು ಓದಲಿ ಅಂತ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ವಿ. ಆಮೇಲೆ ಮುಖದ ಸ್ಕ್ಯಾನ್. "ಹದಿನೈದು ವರ್ಷ ಇಲ್ಲೇ ಇದ್ದೀನಿ ಅಂತ ಈಗ ಫೋನಿಗೆ ಹೇಳ್ಬೇಕು" ಅಂದಳು. ನನಗೆ ತಲೆ ಎತ್ತೋಕಾಗಲಿಲ್ಲ.

ಸ್ಟೇಟಸ್ ಸಿಕ್ಕಿತು. ಆದರೆ ಕೈಗೆ ಕಾರ್ಡಿಲ್ಲ, ಎಲ್ಲ ಆನ್‌ಲೈನ್. ಬಂದ ಪತ್ರದಲ್ಲೂ ಇದು ಪುರಾವೆಯಲ್ಲ ಅಂತಲೇ ಬರೆದಿತ್ತು. ಆದರೂ ಅವಳು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಳು. ಪಹಣಿ ಕಂಪ್ಯೂಟರಿನಲ್ಲೇ ಸಿಗುತ್ತೆ ಅಂತ ನಾನು ಎಷ್ಟು ಹೇಳಿದರೂ ನಮ್ಮಪ್ಪ ಹಳೇ ಕಾಗದ ಟ್ರಂಕಿನ ತಳದಲ್ಲೇ ಇಟ್ಟಿದ್ದಾರೆ. ಜಮೀನು ಕಳಕೊಳ್ಳೋ ಭಯ ಇದ್ದವರಿಗೇ ಕಾಗದದ ಬೆಲೆ ಗೊತ್ತು.

ನನ್ನ ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಅಂತರ 12 ಲಕ್ಷಕ್ಕೂ ಜಾಸ್ತಿ. ಈ ಲೆಕ್ಕ ಎಷ್ಟೋ ಸಲ ಹಾಕಿಕೊಂಡಿದ್ದೇನೆ. ಆದರೆ ಆ "ಹ್ಞೂಂ" ಸುಳ್ಳು ಅಂತ ಅವಳಿಗೆ ಇವತ್ತಿಗೂ ಹೇಳಿಲ್ಲ.

ಈಗ ಬೆಂಗಳೂರಲ್ಲಿದ್ದೇನೆ. ಎಲೆಕ್ಷನ್ ರಜೆ ಸಿಕ್ಕರೆ ಫ್ರೆಂಡ್ಸ್ ಕೂರ್ಗ್ ಟ್ರಿಪ್ ಅಂತಾರೆ. ನಾನು ಹಿಂದಿನ ರಾತ್ರಿಯೇ ಊರಿನ ಬಸ್ ಹತ್ತುತ್ತೇನೆ. ನನ್ನ ಓಟು ಅಲ್ಲೇ ಇದೆ.