ಚರ್ರನೆ ಹರಿಯುವ ಅರಿವಿ

ಕಲಬುರಗಿಯ ಕಪಡಾ ಬಜಾರಿನ ಅಂಗಡಿಗಳಲ್ಲಿ ಮೊದಲು ದಿನವಿಡೀ ಕೇಳುತ್ತಿದ್ದದ್ದು ಬಟ್ಟೆ ಹರಿಯುವ ಸದ್ದು. ಅಂಗಡಿಯವರು ಥಾನು ಉರುಳಿಸಿ, ಕಬ್ಬಿಣದ ಮೀಟರಿಗೆ ಹಿಡಿದು ಅಳೆದು, ಕಿನಾರಿಗೆ ಕತ್ತರಿಯ ತುದಿಯಿಂದ ಒಂದು ಕಚ್ಚು ಹಾಕಿ, ಕತ್ತರಿಯನ್ನು ಅತ್ತ ಇಟ್ಟುಬಿಡುತ್ತಿದ್ದರು. ಎರಡೂ ಕೈಯಿಂದ ಜಗ್ಗಿದರೆ ಸಾಕು, ಚರ್ರನೆ ಈ ಅಂಚಿನಿಂದ ಆ ಅಂಚಿಗೆ ಸೀಳು ಓಡುತ್ತಿತ್ತು. ಬಾಗಿಲಿನಿಂದ ಬೀಳುವ ಬಿಸಿಲಿನಲ್ಲಿ ಸಣ್ಣ ಹತ್ತಿಧೂಳು ಏಳುತ್ತಿತ್ತು. ಆ ಸೀಳು ಸೊಟ್ಟಗೆ ಹೋಗುವ ಮಾತೇ ಇರಲಿಲ್ಲ. ಹೊಕ್ಕಿನ ಒಂದೇ ಎಳೆಯ ಗುಂಟ ಅದು ಹೋಗುತ್ತಿತ್ತು. ನೆಯ್ದವನು ನೇರವಾಗಿ ನೆಯ್ದಿದ್ದರೆ ಹರಿದದ್ದೂ ನೇರ.

ಈಗ ಅದೇ ಬಜಾರಿನಲ್ಲಿ ಕತ್ತರಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ. ‘ಹರಿದು ಕೊಡ್ರಿ’ ಅಂದರೆ ಅಂಗಡಿಯ ಹುಡುಗ ನನ್ನ ಮುಖ ನೋಡುತ್ತಾನೆ. ‘ಇದು ಹರಿಯಂಗಿಲ್ರಿ ಅಕ್ಕಾರೆ, ಜಗ್ಗಿದ್ರ ಎಳಿ ಸುರುಟ್ತಾವ’ ಅನ್ನುತ್ತಾನೆ. ಅವನ ಮಾತು ನಿಜ. ಹತ್ತಿಯ ಜೊತೆ ಪಾಲಿಯೆಸ್ಟರ್ ಎಳೆ ಸೇರಿದ ಮೇಲೆ ಬಟ್ಟೆ ಹರಿಯುವುದಿಲ್ಲ, ಹಿಗ್ಗುತ್ತದೆ, ಮುದುಡುತ್ತದೆ, ಹಟ ಹಿಡಿಯುತ್ತದೆ. ಹರಿಯದ ಬಟ್ಟೆ ಗಟ್ಟಿಯದು ಎಂದು ನಂಬಿ ಸಂತೋಷಪಡುವ ಗಿರಾಕಿಗಳೂ ಇದ್ದಾರೆ. ಮನೆಯಲ್ಲಿ ಕೂತು ಹೊಲಿಯುವ ನನ್ನಂಥವರಿಗೆ ಮಾತ್ರ ಅಲ್ಲಿಂದಲೇ ಕಷ್ಟ ಶುರು. ನೇರ ಅಂಚು ಸಿಗದ ಬಟ್ಟೆಯ ಮೇಲೆ ಅಳತೆ ಎಲ್ಲಿಂದ ಹಿಡಿಯುವುದು?

ಹೊಲಿಗೆಯ ಸುಖವೆಲ್ಲ ಮಷೀನಿನ ಮೇಲೆ ಕೂತಾಗಲೇ ಅಂತ ಹೊರಗಿನವರು ತಿಳಿದಿರುತ್ತಾರೆ. ನನ್ನದು ಕಾಲಿನಿಂದ ತುಳಿಯುವ ಹಳೆಯ ಉಷಾ ಮಷೀನು. ಅದರ ಟಕಟಕ ನನಗೂ ಪ್ರೀತಿ. ಆದರೆ ಮುಕ್ಕಾಲು ಸುಖ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಬಟ್ಟೆಯನ್ನು ನೆಲಕ್ಕೆ ಹಾಸಿ, ಅಂಗೈಯಿಂದ ಸವರಿ, ಉದ್ದಕ್ಕೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುವ ಆ ಹೊತ್ತು ಇದೆಯಲ್ಲ, ಅದು. ಒಳ್ಳೆಯ ಹತ್ತಿಬಟ್ಟೆ ಉಗುರಿನ ಗೆರೆಯನ್ನು ನೆನಪಿಟ್ಟುಕೊಳ್ಳುತ್ತದೆ. ಇಸ್ತ್ರಿ ಬೇಡ, ಗುಂಡುಪಿನ್ನು ಬೇಡ, ಸೀಮೆಸುಣ್ಣ ಕೂಡ ಅಷ್ಟಕ್ಕಷ್ಟೆ. ಕುಬಸದ ಎದೆಯ ಡಾಟನ್ನು ಉಗುರಿನಲ್ಲೇ ಗುರುತು ಹಾಕಿ ನೇರ ಮಷೀನಿಗೆ ಕೊಡಬಹುದು. ಓರೆಯಾಗಿ ಕತ್ತರಿಸಿದ ಪಟ್ಟಿಯನ್ನು ಕೊರಳಿಗೆ ತಿರುಗಿಸುವಾಗ ಅದು ಬೆರಳಿನಡಿ ಒಂದಿಷ್ಟು ಬಾಗಿ, ತನ್ನಷ್ಟಕ್ಕೆ ತಾನೇ ದುಂಡಗೆ ಕೂರುತ್ತದೆ. ಪಾಲಿಯೆಸ್ಟರ್ ಮಿಶ್ರಣಕ್ಕೆ ಈ ನೆನಪಿನ ಶಕ್ತಿ ಇಲ್ಲ. ಉಗುರು ಎಳೆದು ಕೈ ತೆಗೆದರೆ ಮಡಿಕೆ ಮೆಲ್ಲಗೆ ಬಾಯಿ ತೆರೆಯುತ್ತದೆ, ಏನೂ ಆಗಿಯೇ ಇಲ್ಲ ಎಂಬಂತೆ. ಮಷೀನಿನಲ್ಲಿ ಸೂಜಿ ಒಂದೊಂದು ಹೊಲಿಗೆ ಜಿಗಿಯುತ್ತದೆ. ಸೂಜಿ ಬದಲಿಸು, ದಾರದ ಬಿಗಿ ಸಡಿಲಿಸು, ಅಡಿಗೆ ಕಾಗದ ಇಡು. ಎಲ್ಲಕ್ಕೂ ಉಪಾಯ ಇದೆ. ಉಪಾಯ ಮಾಡುತ್ತ ಕೂರುವುದನ್ನು ಹೊಲಿಗೆ ಅನ್ನಲು ನನಗೆ ಮನಸ್ಸಿಲ್ಲ.

ಹಾಗಂತ ಅಂಗಡಿಯಲ್ಲಿ ‘ಪ್ಯೂರ್ ಕಾಟನ್’ ಚೀಟಿ ಹಚ್ಚಿದ ಥಾನುಗಳಿಗೆ ಬರವಿಲ್ಲ. ಅವುಗಳನ್ನು ಮಾತಾಡಿಸಿ ನೋಡಬೇಕು. ನನ್ನ ಅವ್ವ ಬಟ್ಟೆಯ ಮೂಲೆಯನ್ನು ಎರಡು ಅಂಗೈ ನಡುವೆ ಇಟ್ಟು ಗಸಗಸ ತಿಕ್ಕುತ್ತಿದ್ದಳು. ಬಿಳಿ ಪುಡಿ ಉದುರಿದರೆ ಅದು ಗಂಜಿಯ ದಪ್ಪ. ಒಂದು ಒಗೆತಕ್ಕೆ ಬಟ್ಟೆ ಜೋಲು ಬೀಳುತ್ತದೆ. ಬೆಳಕಿಗೆ ಹಿಡಿದರೆ ಹಾಸು ಎಷ್ಟು ಒತ್ತಾಗಿದೆ, ಹೊಕ್ಕು ಎಷ್ಟು ಬಿರುಸಾಗಿ ಬಡಿದಿದ್ದಾರೆ ಎಂಬುದು ತಿಳಿಯುತ್ತದೆ. ಚೌಕಳಿ ಬಟ್ಟೆಯಾದರೆ ಚೌಕಳಿ ನೆಯ್ದದ್ದೋ ಅಚ್ಚು ಹಾಕಿದ್ದೋ ನೋಡಬೇಕು. ಅಚ್ಚಿನದಾದರೆ ಗೆರೆ ಒಂದು ದಿಕ್ಕಿಗೆ, ಎಳೆ ಇನ್ನೊಂದು ದಿಕ್ಕಿಗೆ. ಗೆರೆ ನಂಬಿ ಕತ್ತರಿಸಿದರೆ ಉಡುಪು ಒಗೆದ ಮೇಲೆ ತಿರುಚುತ್ತದೆ, ಎಳೆ ನಂಬಿ ಕತ್ತರಿಸಿದರೆ ಉಟ್ಟವರೇ ವಾರೆಯಾಗಿ ನಿಂತ ಹಾಗೆ ಕಾಣುತ್ತದೆ. ಕೊನೆಯ ಪರೀಕ್ಷೆ ಬೆಂಕಿಯದು. ಅಂಚಿನಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿದರೆ ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕರಿ ಮಣಿಯಾಗಿ ಗಟ್ಟಿಯಾಗುತ್ತದೆ. ಅಂಗಡಿಯೊಳಗೇ ಕಡ್ಡಿ ಗೀರಬಾರದು ಅನ್ನುವಷ್ಟು ವಿವೇಕ ಬೇಕು. ಚೂರು ಎಳೆ ತಂದು ಹೊರಗೆ ಬಂದು ಗೀರಿದರೂ ಮಾಲೀಕರ ಹುಬ್ಬು ಗಂಟಾಗುತ್ತದೆ.

ಅಳತೆಯೂ ಕರಗುತ್ತಿದೆ. ಮೀಟರ್ ಇರುತ್ತಿದ್ದ ಕುಬಸದ ಪೀಸು 80 ಸೆಂಟಿಮೀಟರಿಗೆ ಇಳಿದು ಕೂತಿದೆ. ಮೊಳಕೈ ಮಟ್ಟದ ತೋಳು ಬೇಕೆನ್ನುವವರು ಏನು ಮಾಡಬೇಕು? ಒಳಗೆ ಹಾಕುವ ಅಸ್ತರಿನದು ಬೇರೆಯೇ ಕಥೆ. ಮೇಲಿನ ಬಟ್ಟೆ ಪಾಲಿಯೆಸ್ಟರ್, ಅದು ಕುಗ್ಗುವುದಿಲ್ಲ. ಅಸ್ತರು ತೆಳು ಹತ್ತಿ, ಅದು ಕುಗ್ಗದೇ ಬಿಡುವುದಿಲ್ಲ. ಅಸ್ತರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಚ್ಚಬೇಕು. ಟೂ ಬೈ ಟೂ ರುಬಿಯಾ ಎಂಬ ಕುಬಸದ ಬಟ್ಟೆಯನ್ನು ನೆನೆದು ನಾನು ನಿಟ್ಟುಸಿರಿಡುವುದು ಇದಕ್ಕೇ. ಹಾಸಿಗೂ ಎರಡೆಳೆ ಹುರಿ, ಹೊಕ್ಕಿಗೂ ಎರಡೆಳೆ ಹುರಿ ಹಾಕಿ ನೆಯ್ದ ತೆಳು ಹತ್ತಿ ಅದು. ಹುರಿ ಮಾಡಿದ ನೂಲಾದ್ದರಿಂದ ತೆಳುವಾಗಿದ್ದೂ ಬಲ, ಅಸ್ತರೇ ಬೇಡ. ಹೆಸರು ಈಗಲೂ ಅದೇ ಇದೆ, ರಟ್ಟಿನ ಪೆಟ್ಟಿಗೆಯ ಮೇಲೆ ನೂರೆಂಟು ಬಣ್ಣಗಳ ಪಟ್ಟಿಯೂ ಇದೆ. ಒಳಗಿನ ಎಳೆ ಕೇಳಬೇಡಿ.

ಬಟ್ಟೆಯ ವಿಷಯದಲ್ಲಿ ಕಲಬುರಗಿ ಮೊದಲಿನಿಂದ ಗಿರಾಕಿಯ ಊರಷ್ಟೇ ಆಗಿದ್ದರೆ ಇಷ್ಟು ಹೇಳಿ ಸುಮ್ಮನಾಗುತ್ತಿದ್ದೆ. ಆರನೆಯ ನಿಜಾಮ ಮೀರ್ ಮಹೆಬೂಬ್ ಅಲಿ ಖಾನರ ಹೆಸರು ಹೊತ್ತ ಮಹೆಬೂಬ್ ಶಾಹಿ ಮಿಲ್ಲು 19ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಎದ್ದಿತು. ಊರಿನವರ ಬಾಯಲ್ಲಿ ಅದು ಎಂಎಸ್‌ಕೆ ಮಿಲ್ಲು. ಮಿಲ್ಲು ಮುಚ್ಚಿ ದಶಕಗಳಾದವು; ಆಟೋದವರಿಗೆ ಹೇಳಲು ಹೆಸರು ಮಾತ್ರ ಉಳಿದಿದೆ. ಮುಂಬೈಯಲ್ಲಿ 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಶುರುವಾದ ಮಿಲ್ಲು ಕಾರ್ಮಿಕರ ಮುಷ್ಕರದ ನಂತರ ಅಲ್ಲಿನ ದೊಡ್ಡ ಮಿಲ್ಲುಗಳೂ ಒಂದೊಂದಾಗಿ ಕೈಚೆಲ್ಲಿದವು. ನೇಯ್ಗೆ ಇಚಲಕರಂಜಿ, ಭಿವಂಡಿ, ಮಾಲೇಗಾಂವಗಳ ಪವರ್‌ಲೂಮಿಗೆ, ನೈಲಾನು-ಪಾಲಿಯೆಸ್ಟರು ಸೂರತ್ತಿಗೆ ಹೋದವು. ಪವರ್‌ಲೂಮಿನವರು ಕೆಟ್ಟವರೇನಲ್ಲ. ಆದರೆ ಮಿಲ್ಲಿಗೆ ಒಂದು ಹೆಸರಿತ್ತು, ಥಾನಿನ ಕಿನಾರಿಯ ಮೇಲೆ ಅದು ಅಚ್ಚಾಗಿರುತ್ತಿತ್ತು, ಬಟ್ಟೆ ಕೆಟ್ಟರೆ ಹೆಸರು ಕೆಡುತ್ತಿತ್ತು. ಈಗ ಕಿನಾರಿ ಓದಿದರೆ ಏನೂ ಸಿಗುವುದಿಲ್ಲ. ಯಾರ ಬಳಿ ದೂರುವುದು?

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕು ಘೋಷಿಸಿದಾಗ ಅದರಲ್ಲಿ ಕಲಬುರಗಿಯೂ ಒಂದು. ಸಾವಿರ ಎಕರೆ ಎಂದರು. ಬರಲಿ, ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಸಿಗಲಿ. ಅಲ್ಲಿ ತಯಾರಾದದ್ದು ಕಪಡಾ ಬಜಾರಿಗೆ ಎರಡು ಮೀಟರ್ ಇಳಿದೀತೆಂಬ ಆಸೆ ನನಗಿಲ್ಲ. ಒಳ್ಳೆಯ ಹತ್ತಿಬಟ್ಟೆ ದೇಶದಿಂದ ಮಾಯವಾಗಿಲ್ಲ, ದಾರಿ ಬದಲಿಸಿದೆ. ಅದು ನೇರವಾಗಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ, ಅಂಗಿಯಾಗಿ, ಪೆಟ್ಟಿಗೆ ಸೇರಿ ಹೊರಗೆ ಹೋಗುತ್ತದೆ. ಮೀಟರ್ ಲೆಕ್ಕದಲ್ಲಿ ಕೊಂಡು ಮನೆಯಲ್ಲಿ ಹೊಲಿಯುವವರು ಎಷ್ಟು ಜನ ಎಂದು ವ್ಯಾಪಾರಿ ಎಣಿಸುತ್ತಾನೆ. ನಮಗೆ ನೈಟಿ ಬಟ್ಟೆ ಮತ್ತು ಅಸ್ತರು ಸಾಕೆಂದು ತೀರ್ಮಾನಿಸುತ್ತಾನೆ.

ಗುಳೇದಗುಡ್ಡದ ಖಣವನ್ನು ನೆನೆದರೆ ಈ ತೀರ್ಮಾನ ಇನ್ನೂ ಚುಚ್ಚುತ್ತದೆ. ಖಣ ಹುಟ್ಟಿದ್ದೇ ಮನೆಯ ಕತ್ತರಿಗಾಗಿ. ಪನ್ನಾ ಕಡಿಮೆ, ಎರಡೂ ಕಡೆ ಅಂಚು, ಮೈತುಂಬ ತೇರು, ಸೂಜಿಮಲ್ಲಿಗೆಯಂಥ ಸಣ್ಣ ಸಣ್ಣ ಬುಟ್ಟಿ. ಹಳೆಯ ಕುಬಸವನ್ನು ಆ ಪನ್ನಾ ನೋಡಿಯೇ ಕತ್ತರಿಸುತ್ತಿದ್ದರು: ಅಂಚು ತೋಳಿಗೆ, ಮುಂದೆ ಗಂಟು ಕಟ್ಟಲು ತುದಿ, ಕಂಕುಳಿಗೊಂದು ಚೌಕ. ನೆಲಕ್ಕೆ ಬೀಳುವ ಚೂರು ಹಿಡಿ ತುಂಬುತ್ತಿರಲಿಲ್ಲ. ಈಗ ಖಣಕ್ಕೆ ಮತ್ತೆ ಫ್ಯಾಷನ್ ಬಂದಿದೆ. ಬ್ಯಾಗು, ಕುರ್ತಾ, ಮೊಬೈಲ್ ಚೀಲ ಎಲ್ಲದರಲ್ಲೂ ಅದೇ. ಅದರಲ್ಲಿ ಬಹುಪಾಲು ಯಂತ್ರದ ಮಗ್ಗದ ಕೃತಕ ನೂಲಿನ ನಕಲು. ಅಂಚು ಇದೆ, ಬುಟ್ಟಿ ಇದೆ, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ತೊಟ್ಟರೆ ಮಾತ್ರ ಬೆನ್ನು ಬೆವರಿನಲ್ಲಿ ನೀರಾಗುತ್ತದೆ.

ಇಷ್ಟೆಲ್ಲ ತಕರಾರು ಹೊಸ ಬಟ್ಟೆಯದು. ಬಟ್ಟೆಯ ನಿಜವಾದ ಗುಣ ತಿಳಿಯಬೇಕಾದರೆ ಅದು ಹಳತಾಗಬೇಕು, ಅದನ್ನು ಹಳತಾದ ಮೇಲೆ ಹೊಲಿಯುವವರ ಮುಂದೆ ಕೂರಬೇಕು. ಹುಮನಾಬಾದ್ ರಸ್ತೆಯಲ್ಲಿ 35 ಕಿಲೋಮೀಟರಿನ ಆಸುಪಾಸು ಹೋದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಅಲ್ಲಿ ನನ್ನ ಅತ್ತಿಯ ಮನೆ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಅತ್ತಿ ಮತ್ತು ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೌದಿ ಹೊಲಿಯಲು ಕೂರುತ್ತಾರೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ದೊಡ್ಡ ಸೂಜಿಯಿಂದ ಸಾಲು ಸಾಲು ಹೊಲಿಗೆ. ನಾಲ್ಕು ಕಡೆಯಿಂದ ನಾಲ್ವರು ಕೂತರೆ ಕೈಗಿಂತ ಬಾಯಿ ಬೇಗ ನಡೆಯುತ್ತದೆ. ನಾನೂ ಒಂದು ಮೂಲೆ ಹಿಡಿಯುತ್ತೇನೆ. ಮಷೀನಿನವಳ ಹೊಲಿಗೆ ಎಂದು ನನ್ನ ಸಾಲನ್ನು ನೋಡಿ ನಗುತ್ತಾರೆ. ಅಷ್ಟು ನೇರ ಇರಬಾರದಂತೆ, ಕೌದಿ ಮೈಗೆ ಒಗ್ಗುವುದಿಲ್ಲವಂತೆ.

ಇಲ್ಲಿ ಒಂದು ಸೀರೆಯ ಬಾಳು ದೊಡ್ಡದು. ಇಳಕಲ್ಲೋ ಸಾದಾ ನೂಲಿನದೋ, ಉಟ್ಟು ಉಟ್ಟು ಮೆತ್ತಗಾದ ಮೇಲೆ ಅದರ ಒಳ್ಳೆಯ ಭಾಗ ಕೂಸಿನ ಕುಂಚಿಗೆಗೆ ಹೋಗುತ್ತದೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ. ಅಜ್ಜಿಯ ಸೀರೆ ಬೇಕು. ಉಳಿದದ್ದು ಕೌದಿಗೆ. ಅದರಲ್ಲೂ ಉಳಿದದ್ದು ರೊಟ್ಟಿ ಸುತ್ತುವ ಅರಿವಿ. ಹೆಂಚಿನಿಂದ ಇಳಿದ ಜೋಳದ ರೊಟ್ಟಿಯ ಹಬೆಯನ್ನು ಹಳೆ ನೂಲು ಕುಡಿದುಕೊಂಡು ರೊಟ್ಟಿಯನ್ನು ಮೆತ್ತಗಿಡುತ್ತದೆ. ಅದೂ ಹರಿದರೆ ದೀಪದ ಬತ್ತಿ. ಪ್ರತಿ ಸಲವೂ ಬಟ್ಟೆ ತೆಳುವಾಗುತ್ತದೆ, ಮೃದುವಾಗುತ್ತದೆ, ಮುಂದಿನ ಕೆಲಸಕ್ಕೆ ಹದವಾಗುತ್ತದೆ. ನೆಯ್ದವನು ಅಷ್ಟು ದೂರ ಯೋಚಿಸಿದ್ದನೋ ಇಲ್ಲವೋ, ಬಟ್ಟೆಯಂತೂ ಅಷ್ಟು ದೂರ ನಡೆಯುತ್ತಿತ್ತು.

ಸೂರತ್ತಿನ ಸೀರೆ ಮೊದಲ ಬಾಳನ್ನಷ್ಟೇ ಬಲ್ಲದು. ಹಿಂದಿನ ಬೇಸಿಗೆಯಲ್ಲಿ ಕೌದಿಗೆ ಬಂದ ಗಂಟಿನಲ್ಲಿ ನೂಲಿನ ಸೀರೆಗಿಂತ ಅವೇ ಹೆಚ್ಚು. ಹಾಸಿದರೆ ಪದರ ಪದರ ಜಾರುತ್ತವೆ. ಸೂಜಿ ತೂರುವಾಗ ಕಿರ್ರ್ ಅನ್ನುತ್ತದೆ. ಅತ್ತಿ ಒಂದು ಸೀರೆಯ ಸೆರಗನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ ಬದಿಗೆ ಒಗೆದು, ‘ಈ ಸೀರಿ ಸಾಯಂಗೂ ಇಲ್ಲ, ಬದುಕಂಗೂ ಇಲ್ಲ ನೋಡವ್ವ’ ಅಂದಳು. ಬಣ್ಣ ಹೊಸದರಂತೆಯೇ ಇತ್ತು. ಮೇಲೆಲ್ಲ ಸಣ್ಣ ಗಂಟು ಎದ್ದಿತ್ತು. ಅದನ್ನು ಹೊದ್ದು ಮಾಳಿಗೆಯ ಮೇಲೆ ಮಲಗಿದರೆ ಸೆಕೆಗೆ ನಿದ್ದೆ ಬರುವುದಿಲ್ಲ, ಒಲೆಯ ಹತ್ತಿರ ಇಟ್ಟುಕೊಂಡರೆ ಕಿಡಿ ಬಿದ್ದಲ್ಲಿ ಕರಗಿ ಮೈಗೆ ಅಂಟುತ್ತದೆ, ರೊಟ್ಟಿ ಸುತ್ತಿದರೆ ನೀರು ಬಿಟ್ಟು ರೊಟ್ಟಿ ಹಸಿಯಾಗುತ್ತದೆ.

ಅದೇ ಅತ್ತಿ ದಿನವೂ ಉಡುವುದು ಅಂಥದೇ ಸೀರೆ. ಕೇಳಿದರೆ ಸಿಟ್ಟಿಗೇಳುತ್ತಾಳೆ. ‘ನೂಲಿನ ಸೀರಿ ಒಗದು ಹಿಂಡೋರು ಯಾರು? ನೀ ಬರ್ತಿ ಏನ?’ ತೊಗರಿ ಹೊಲದಲ್ಲಿ ದಿನಪೂರ್ತಿ ಬಗ್ಗಿ ಬಂದವರಿಗೆ ಹಗುರಾದ, ಬೇಗ ಒಣಗುವ, ಗಂಜಿ ಇಸ್ತ್ರಿ ಕೇಳದ ಸೀರೆ ಎಷ್ಟು ದೊಡ್ಡ ಬಿಡುಗಡೆ ಎಂಬುದು ಊರಿನ ಫ್ಯಾನಿನಡಿ ಕೂತು ಹತ್ತಿಯನ್ನು ಹೊಗಳುವ ನನಗೆ ಹೊಳೆಯುವುದು ಸ್ವಲ್ಪ ತಡ. ಬಡವರ ಮನೆಯ ಟ್ರಂಕಿನಲ್ಲಿ ಬಣ್ಣ ಬಣ್ಣದ ಹತ್ತು ಸೀರೆ ಸೇರಿದ್ದು ಪಾಲಿಯೆಸ್ಟರಿನಿಂದಲೇ. ನನ್ನ ಜಗಳ ಉಡುವವರ ಜೊತೆಗಿಲ್ಲ, ನಾರಿನ ಜೊತೆಗೂ ಅಷ್ಟಾಗಿ ಇಲ್ಲ. ಹತ್ತಿ ಅಂತ ಹೇಳಿ ಹತ್ತಿಯಲ್ಲದ್ದನ್ನು ಕೊಡುತ್ತಾರಲ್ಲ, ಅದರ ಜೊತೆಗಿದೆ.

ಬಟ್ಟೆಗೆ ಅಳತೆಗೋಲು ಇಟ್ಟು ನೆಯ್ಯುವ ಜಾಗ ನಮ್ಮಲ್ಲಿ ಇಲ್ಲವೆಂದಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಎಳೆಯ ಎಣಿಕೆಯಿಂದ ಬಣ್ಣದ ಹದದವರೆಗೆ, ಹೊಲಿಗೆಯ ನೂಲಿನವರೆಗೆ ಎಲ್ಲಕ್ಕೂ ನಿಯಮ. ತಪ್ಪಿದರೆ ಧ್ವಜ ತಿರಸ್ಕೃತ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನೇ ತಿದ್ದಿ ಯಂತ್ರದ ಬಟ್ಟೆಗೆ, ಪಾಲಿಯೆಸ್ಟರಿಗೆ ಒಪ್ಪಿಗೆ ಕೊಟ್ಟರು. ಧ್ವಜಕ್ಕೇ ಆದದ್ದು ನನ್ನ ಕುಬಸಕ್ಕೆ ಆಗದೆ ಇರುತ್ತದೆಯೇ ಎಂದುಕೊಂಡು ಆ ಸುದ್ದಿಯ ಪುಟ ಮಡಚಿಟ್ಟೆ.

ಖಾದಿ ಭಂಡಾರಕ್ಕೆ ಹೋಗುತ್ತೇನೆ, ರಿಯಾಯಿತಿಯ ದಿನಗಳಲ್ಲಿ. ಸೂಪರ್ ಮಾರ್ಕೆಟ್ ಕಡೆ ಕಟ್‌ಪೀಸಿನ ಗುಡ್ಡೆಗಳನ್ನೂ ಕೆದಕುತ್ತೇನೆ. ಗಾರ್ಮೆಂಟ್ಸಿನಲ್ಲಿ ಮಿಕ್ಕ ಬಟ್ಟೆ ಅಲ್ಲಿ ಒಮ್ಮೊಮ್ಮೆ ಬಂದು ಬಿದ್ದಿರುತ್ತದೆ. ಬೆಲೆ ಕಡಿಮೆ, ಎಳೆ ಬಂಗಾರ, ಉದ್ದ ಮಾತ್ರ ಒಂದೂಕಾಲು ಮೀಟರ್, ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಆದರೆ ನಾನು ಈಚೆಗೆ ಕಂಡುಕೊಂಡ ಗುಟ್ಟಿನ ಗಣಿ ಬೇರೆ: ಗಂಡಸರ ಧೋತರ. ನಮ್ಮ ಕಡೆಯ ಮುದುಕರು ಧೋತರದ ವಿಷಯದಲ್ಲಿ ಇನ್ನೂ ಸೋತಿಲ್ಲ. ತೊಡೆಗೆ ಅಂಟುವುದನ್ನು ಕೊಟ್ಟರೆ ಅಂಗಡಿಗೆ ಬಂದು ಮುಖಕ್ಕೆ ಎಸೆಯುತ್ತಾರೆ. ಆ ಭಯದಿಂದಲೇ ಇರಬೇಕು, ಅಲ್ಲಿ ಹತ್ತಿ ಹತ್ತಿಯಾಗಿಯೇ ಉಳಿದಿದೆ. ಒಂದು ಧೋತರ ಬಿಡಿಸಿದರೆ ಎರಡು ಕುಬಸದ ಅಸ್ತರು, ಕೂಸಿಗೊಂದು ಜಬಲಾ, ಮಿಕ್ಕದ್ದರಲ್ಲಿ ರೊಟ್ಟಿ ಅರಿವಿ. ‘ಮಾವನೋರಿಗೇನ್ರಿ?’ ಎಂದು ಅಂಗಡಿಯವರು ಕೇಳುತ್ತಾರೆ. ‘ಹೂಂ’ ಅನ್ನುತ್ತೇನೆ. ಜರಿಯಂಚಿನದು ತೋರಿಸುತ್ತಾರೆ, ಬೇಡ, ಸಾದಾ ಕೊಡ್ರಿ, ಮಾವನೋರಿಗೆ ಜರಿ ಸೇರಂಗಿಲ್ಲ ಅನ್ನುತ್ತೇನೆ. ಕೆಂಪು ಕಿನಾರಿಯದು ಸಿಕ್ಕರೆ ಇನ್ನೂ ಒಳ್ಳೆಯದು, ಆ ಕಿನಾರಿ ಲಂಗದ ಲಾಡಿಗೆ ಬರುತ್ತದೆ.